ಸಹಾಯ ಬೇಕು: ಅಣ್ಣನಿಗೆ ಮೆದುಳಿನ ಸಂಕೇತದಿಂದ ಟೈಪ್ ಮಾಡುವ ಸಾಧನ

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ ಎಎಲ್‌ಎಸ್. ಅಂದರೆ ಸ್ನಾಯುಗಳನ್ನು ಆಡಿಸುವ ನರಗಳು ಕ್ರಮೇಣ ಸಾಯುವ ಕಾಯಿಲೆ. ಮಾತು ನಿಂತಿದೆ, ಕೈ ಆಡುವುದಿಲ್ಲ. ಮೆದುಳಿನ ವಿದ್ಯುತ್ ಸಂಕೇತ ಅಳೆಯುವ ಇಇಜಿ ಟೋಪಿ ಹಾಕಿ, ಆ ಸಂಕೇತದಿಂದ ಅಕ್ಷರ ಆರಿಸುವ ಪಿ300 ಸ್ಪೆಲ್ಲರ್ ಶುರು ಮಾಡಿದ್ದೇವೆ. ಪರದೆ ಮೇಲೆ 36 ಚೌಕ, ಸಾಲುಸಾಲಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮೆದುಳಿನಲ್ಲಿ ಏಳುವ ಅಲೆಯನ್ನು ಕಂಪ್ಯೂಟರ್ ಹಿಡಿಯುತ್ತದೆ. ಅಣ್ಣ ಮೊದಲು ಬರೆದದ್ದು ಅಮ್ಮನ ಹೆಸರು. ಅಮ್ಮ ಪರದೆ ಮುಟ್ಟಿ ಮುಟ್ಟಿ ನೋಡಿದರು.

ಆದರೆ ದಿನಾ ಬಳಸುವುದು ಕಷ್ಟ. ಸಂಕೇತ ಸರಿಯಾಗಿ ಸಿಗಲು ಪ್ರತಿ ಸಲ ತಲೆಗೆ ಜೆಲ್, ಆಮೇಲೆ ಕೂದಲು ತೊಳೆಯಬೇಕು. ಮಲಗಿದರೆ ಟೋಪಿಯ ಹಿಂಭಾಗದ ಎಲೆಕ್ಟ್ರೋಡ್ (ಸಂಕೇತ ಹಿಡಿಯುವ ಬಿಲ್ಲೆ) ದಿಂಬಿಗೆ ಒತ್ತುತ್ತದೆ. ಕಣ್ಣೂ ಅಕ್ಷರದ ಮೇಲೇ ನಿಲ್ಲಬೇಕಲ್ವಾ, ಅದು ಬೇಗ ಸೋಲುತ್ತಿದೆ.

ಜೆಲ್ ಇಲ್ಲದ ಒಣ ಎಲೆಕ್ಟ್ರೋಡ್ ಮನೆಯಲ್ಲಿ ಬಳಸಿದವರು ಇದ್ದೀರಾ? ಕಣ್ಣಿನ ಬದಲು ಶಬ್ದ ಕೇಳಿಸಿ ಆರಿಸುವ ಸ್ಪೆಲ್ಲರ್ ರೂಢಿಯಾಗಲು ಎಷ್ಟು ದಿನ ಹಿಡಿಯಿತು? ಆರೈಕೆ ಮಾಡುವವರ ಅನುಭವವೇ ನನಗೆ ಜಾಸ್ತಿ ಬೇಕು. ದಯವಿಟ್ಟು ತಿಳಿಸಿ.