ಬೆನ್ನಿಗೆ ಸೂಜಿ ಹಾಕಿದ ಮೇಲೆ ತುರಿಕೆ, ಇದು ಅಲರ್ಜಿನಾ?

ಪ್ರಶ್ನೆ: ನಮಸ್ಕಾರ ಡಾಕ್ಟರೇ. ಬಾಗಲಕೋಟೆಯಲ್ಲಿ ನಿನ್ನೆ ಮಧ್ಯಾಹ್ನ ತಂಗಿಗೆ ಸಿಸೇರಿಯನ್ ಆಯ್ತು. ಬೆನ್ನಿನ ಇಂಜೆಕ್ಷನ್ ಜೊತೆ ನೋವಿಗೆ ಅಂತ ಮಾರ್ಫಿನ್ ಕೂಡ ಹಾಕಿದ್ದಾರಂತೆ. ನೋವೇನೋ ಇಲ್ಲ, ಆದರೆ ಸಂಜೆಯಿಂದ ಮೂಗು, ಮುಖ, ಎದೆ ಒಂದೇ ಸಮ ಕೆರೆದುಕೊಳ್ಳುತ್ತಿದ್ದಾಳೆ, ಎರಡು ಸಲ ವಾಂತಿನೂ ಆಯ್ತು. ನಮ್ಮವ್ವ ಮೊನ್ನೆ ತಿಂದ ಎಣ್ಣೆಗಾಯಿಯ ನಂಜು ಅಂತಾಳೆ. ಸಿಟ್ರಿಜಿನ್ ಕೊಡಲಾ?

ಉತ್ತರ (ಅರಿವಳಿಕೆ ವೈದ್ಯ, ಬೆಳಗಾವಿ): ಪಾಪ, ಎಣ್ಣೆಗಾಯಿದು ಏನೂ ತಪ್ಪಿಲ್ಲ. ಬೆನ್ನಿಗೆ ಮಾರ್ಫಿನ್ ಹಾಕಿದಾಗ ಬಹಳ ಜನರಿಗೆ ಹೀಗೆ ತುರಿಕೆ ಬರುತ್ತದೆ, ಅದೂ ಮೂಗು ಮುಖದ ಹತ್ತಿರವೇ ಜಾಸ್ತಿ. ಔಷಧಿ ನರದ ಮೇಲೆ ಕೆಲಸ ಮಾಡುವುದರಿಂದ ಬರುವ ತುರಿಕೆ ಇದು, ಅಲರ್ಜಿ ಅಲ್ಲ, ಹಾಗಾಗಿ ಸಿಟ್ರಿಜಿನ್‌ನಿಂದ ದೊಡ್ಡ ಉಪಯೋಗ ಇಲ್ಲ, ಸುಮ್ನೆ ನಿದ್ದೆ ತರಿಸುತ್ತದೆ, ಅದು ಈಗ ಬೇಡವೇ ಬೇಡ. ತಡೆಯೋಕಾಗದಿದ್ದರೆ ಅಲ್ಲಿನ ಡಾಕ್ಟರಿಗೆ ಹೇಳಿ, ಬೇರೆ ಔಷಧಿ ಇದೆ. ವಾಂತಿಗೂ ಅಷ್ಟೇ. ಮೈಮೇಲೆ ಗಂಧೆ ಎದ್ದು ತುಟಿ ಬಾತರೆ ಮಾತ್ರ ಅದು ಬೇರೆ ಕಥೆ, ತಕ್ಷಣ ಕೂಗಿ.

ನಿಜವಾಗಿ ಕಣ್ಣಿಡಬೇಕಾದ್ದು ಉಸಿರಾಟದ ಮೇಲೆ. ಸಿಸೇರಿಯನ್‌ಗೆ ಸಾಮಾನ್ಯವಾಗಿ ಹಾಕೋದು 0.1ರಿಂದ 0.15 ಮಿಲಿಗ್ರಾಂ, ಅಷ್ಟಕ್ಕೆ ತೊಂದರೆ ಆಗೋದು ತೀರಾ ಅಪರೂಪ. ಆದರೆ ಹೀಗೇ ಬೆನ್ನಿಗೆ ಹಾಕುವ ಇನ್ನೊಂದು ನೋವಿನ ಔಷಧಿ ಫೆಂಟನಿಲ್ ಕೆಲವೇ ತಾಸಿನಲ್ಲಿ ಮುಗಿದುಹೋಗುತ್ತದೆ, ಮಾರ್ಫಿನ್ ಹಾಗಲ್ಲ, ಬೆನ್ನುಹುರಿಯ ನೀರಿನಲ್ಲೇ ಉಳಿದು ನಿಧಾನಕ್ಕೆ ಮಿದುಳಿನ ಕಡೆ ಏರುತ್ತದೆ, ಉಸಿರು ತಡವಾಗಿಯೂ ಕುಗ್ಗಬಹುದು. ಅದಕ್ಕೇ 24 ತಾಸು ನರ್ಸ್ ಬಂದುಬಂದು ನೋಡೋದು. ಬಾಣಂತಿ ದಣಿದಿದ್ದಾಳೆ, ಮಲಗಲಿ ಅಂತ ಅವರನ್ನು ವಾಪಸ್ ಕಳಿಸಬೇಡಿ. ಕರೆದರೂ ಏಳದಷ್ಟು ಮಂಪರು ಇದ್ದರೆ, ನಿಮಿಷಕ್ಕೆ ಉಸಿರು 10ಕ್ಕಿಂತ ಕಡಿಮೆ ಆದರೆ ಆಗಿಂದಾಗಲೇ ಹೇಳಿ. ಮಾರ್ಫಿನ್‌ಗೆ ಪ್ರತಿಮದ್ದಾದ ನಲಾಕ್ಸೋನ್ ಕೊಟ್ಟರೆ ಅದರ ಪ್ರಭಾವ ಇಳಿಯುತ್ತದೆ.

ಪ್ರಶ್ನೆ: ಬಹಳ ಉಪಕಾರ ಆಯ್ತು ರೀ. ಮಗುವಿಗೆ ಹಾಲು ಕುಡಿಸಬಹುದಾ? ಮೂತ್ರದ ನಳಿಕೆ ಇನ್ನೂ ತೆಗೆದಿಲ್ಲ.

ಉತ್ತರ: ಕುಡಿಸಿ, ಹಾಲಿಗೆ ಹೋಗುವುದು ತೀರಾ ಅಲ್ಪ. ನಳಿಕೆಗೆ ಅವಸರ ಮಾಡಬೇಡಿ, ಈ ಔಷಧಿಗೆ ಮೂತ್ರ ಕಟ್ಟುವುದೂ ಉಂಟು. ತೆಗೆದ ಮೇಲೆ ಆರು ತಾಸಾದರೂ ಹೋಗದಿದ್ದರೆ, ಇಲ್ಲಾ ಅದಕ್ಕೂ ಮುಂಚೆ ಕಿಬ್ಬೊಟ್ಟೆ ಬಿಗಿದರೆ ತಿಳಿಸಿ.

ಇನ್ನೊಬ್ಬರು (ವಿಜಯಪುರ): ನನಗೂ ಬೆನ್ನಿಗೆ ಸೂಜಿ ಹಾಕಿದ್ದರು, ಆಗ ಎದ್ದು ಕೂತರೆ ಸಾಕು, ತಲೆ ಸಿಡಿಯುತ್ತಿತ್ತು, ಅದೂ ಮಾರ್ಫಿನ್‌ದಾ?

ಉತ್ತರ: ಅಲ್ಲ ಅಕ್ಕಾ, ಅದು ಸೂಜಿ ಚುಚ್ಚಿದ ತೂತಿನಿಂದ ನೀರು ಸೋರಿ ಬರುವ ತಲೆನೋವು. ಮಲಗಿದರೆ ಕಡಿಮೆ ಆಗ್ತಿತ್ತು ಅಲ್ವಾ?