ಆಟಿಸಂ ಇರೋ ನಿಮ್ಮ ಮಕ್ಕಳ ಒಳ್ಳೆ ಗುಣ ಶಾಲೆಗೆ ಹೇಗೆ ಬರೆದುಕೊಟ್ಟಿರಿ?

ದಾವಣಗೆರೆ ಅಮ್ಮ:
ಮಗನಿಗೆ 9 ವರ್ಷ. ಜೂನ್‌ಗೆ ಹೊಸ ಶಾಲೆ. ಅವನ ಬಗ್ಗೆ ಒಂದು ಪುಟ ಬರೆದುಕೊಡಿ ಅಂದಿದ್ದಾರೆ. ಡಾಕ್ಟರ್ ರಿಪೋರ್ಟ್ ತೆಗೆದರೆ ಬರೀ 'ಬರಲ್ಲ', 'ಆಗಲ್ಲ'. ಆಟಿಸಂ ಎಷ್ಟಿದೆ ಅಂತ ಅಳೆಯೋ ಐಎಸ್‌ಎಎ ಪರೀಕ್ಷೆಯ 40 ಅಂಶಗಳಲ್ಲಿ 39ನೆಯದು ಅಸಾಮಾನ್ಯ ನೆನಪು. ಇವನಿಗೆ 5ಕ್ಕೆ 5. ಖುಷಿಪಟ್ಟೆ. ಆಮೇಲೆ ತಿಳೀತು, ಅಲ್ಲಿ ಅಂಕ ಹೆಚ್ಚಾದಷ್ಟೂ ಆಟಿಸಂ ತೀವ್ರ ಅಂತ. ನಮ್ಮ ಸ್ಟೇಷನ್ನಿನ ಗಾಡಿ ನಂಬರೆಲ್ಲ ಅವನ ಬಾಯಲ್ಲಿದೆ, 12725 ಸಿದ್ಧಗಂಗಾ, 16589 ರಾಣಿ ಚೆನ್ನಮ್ಮ. ಇದನ್ನ ಬರೆದರೆ ನಗ್ತಾರಾ?

ಶಿರಸಿ ತೋಟದವ:
ನನ್ನ ಮಗನಿಗೆ 19. ಆರು ವರ್ಷ ವಾರಕ್ಕೆರಡು ಸಲ ಹುಬ್ಬಳ್ಳಿಗೆ ಬಸ್ಸಲ್ಲಿ ಕರೆದುಕೊಂಡು ಹೋದೆ. ಬೆಳಿಗ್ಗೆ 6ಕ್ಕೆ ಹೊರಟರೆ 40 ನಿಮಿಷದ ಸ್ಪೀಚ್ ಥೆರಪಿ ಮುಗಿಸಿ ಬರುವಾಗ ಮಧ್ಯಾಹ್ನ ಕಳೆದಿರ್ತಿತ್ತು. ಹಾರ್ನ್ ಕೇಳಿದರೆ ಕಿವಿ ಮುಚ್ಚಿಕೊಂಡು ಸೀಟಿನ ಕೆಳಗೆ ಕೂರ್ತಿದ್ದ. ಒಂದು ವರ್ಷ ಚಾಲಿ (ಒಣಗಿಸಿದ ಅಡಕೆ) ಸುಲಿದಾದ ಮೇಲೆ ಅಡಕೆ ಆರಿಸುವ ಹೆಂಗಸರ ಪಕ್ಕ ತಾನೇ ಹೋಗಿ ಕುಳಿತ. ಕಡಿಮೆ ದರ್ಜೆಯದನ್ನು ಬೇರೆ ಮಾಡಿ, ಕೋಕಾ ಒಂದು ಕಡೆ, ಬಿಳೆಗೋಟು ಒಂದು ಕಡೆ. ಸಂಜೆ ನೋಡಿದರೆ ಒಂದೂ ತಪ್ಪಿಲ್ಲ! ಈಗ ನಮ್ಮ ಅಡಕೆ ಅವನ ಕೈ ದಾಟದೆ ಮಾರಾಟದ ಸೊಸೈಟಿಗೆ ಹೋಗೋದಿಲ್ಲ. ಚಾಲಿಯಲ್ಲಿ ಕೋಕಾ ಸೇರಿದ್ದರೆ ಟೆಂಡರಿನಲ್ಲಿ ದರ ಏನಾಗ್ತದೆ ಅಂತ ಬೆಳೆದವರಿಗೇ ಗೊತ್ತು. ನಾಲ್ಕು ತಾಸು ಏಳದೆ ಕೂರ್ತಾನೆ. 'ಒಂದಕ್ಕೇ ಅಂಟಿಕೊಳ್ತಾನೆ' ಅಂತ ಥೆರಪಿಯವರು ಬಿಡಿಸಲು ಹೊರಟಿದ್ದು ಇದನ್ನೇ. ಥೆರಪಿ ನಿಲ್ಲಿಸಿದ್ದು ಒಳ್ಳೆಯದಾಯ್ತು.

ಜಯನಗರದ ತಾಯಿ:
ನಿಲ್ಲಿಸಿ ಅನ್ನೋದು ಸುಲಭ ಸರ್. ನಾನು ಬರೆದಿಟ್ಟಿದ್ದೀನಿ: ತಿಂಗಳಿಗೆ ಸ್ಪೀಚ್ 10,800, ಓಟಿ (ದಿನದ ಕೆಲಸ ತಾನೇ ಮಾಡಿಕೊಳ್ಳೋಕೆ ಕಲಿಸೋ ಥೆರಪಿ) 8,000, ಕ್ಲಾಸಲ್ಲಿ ಅವನ ಜೊತೆಗೇ ಇರೋ ಶಾಡೋ ಟೀಚರ್ 18,000. ನಾಲ್ಕು ವರ್ಷಕ್ಕೆ 17,66,400. ನೆಲಮಂಗಲದ ಸೈಟ್ ಮಾರಿದ್ವಿ. ಮಗ ಇವತ್ತು ಮಾತಾಡ್ತಾನೆ. ದಂಡವಾಗಿದ್ದು ಆಟಿಸಂಗೆ ಅಂತ ಹಾಲು-ಗೋಧಿ ಬಿಡಿಸೋ ಡಯಟ್ ಒಂದೇ. 14 ತಿಂಗಳು, ಬಾದಾಮಿ ಹಾಲಿಗೇ ತಿಂಗಳಿಗೆ 2,400, ಮಗು 4 ಕೆಜಿ ಇಳಿದ.
ಅವನ ಗುಣ ಅಂದ್ರೆ ಸುಳ್ಳು ಬರಲ್ಲ. ಕ್ಲಾಸಲ್ಲಿ ಕಿಟಕಿ ಗಾಜು ಒಡೆದಾಗ ಯಾರು ಅಂತ ಕೇಳಿದ್ದಕ್ಕೆ ಎದ್ದು ನಿಂತು 'ನಾನು ಮತ್ತು ಇನ್ನಿಬ್ಬರು' ಅಂದ. ಡೈರಿಗೆ ಬಂದ ದೂರು ಮಾತ್ರ ಇವನೊಬ್ಬನ ಮೇಲೆ.

ಹಾಸನ:
ಡಯಟ್ ದಂಡ ಅನ್ನಬೇಡಿ. ಮಗಳಿಗೆ ಗೋಧಿ ಬದಲು ರಾಗಿಮುದ್ದೆ ಶುರುಮಾಡಿದ ಮೇಲೇ ಮಲಬದ್ಧತೆ ಹೋಗಿ ನಿದ್ದೆ ಬಂದಿದ್ದು. ಬಾದಾಮಿ ಹಾಲು ಕೊಡಿ ಅಂತ ಯಾರು ಹೇಳಿದ್ರು ನಿಮಗೆ?

ಜಯನಗರದ ತಾಯಿ:
ಹೊಟ್ಟೆ ಸರಿಹೋಯ್ತು, ನಿದ್ದೆ ಬಂತು. ಅದಕ್ಕೂ ಆಟಿಸಂಗೂ ಗಂಟು ಹಾಕಬೇಡಿ. ಹೀಗೆ ಯಾರೋ ಹೇಳಿದ್ದನ್ನ ನಂಬಿಯೇ ನನ್ನ ಮಗನ ಪಕ್ಕೆಲುಬು ಎಣಿಸೋ ಹಾಗಾಗಿತ್ತು.

ಮಂಗಳೂರು:
ನೆನಪಿನ ಶಕ್ತಿ, ಅಡಿಕೆ ಆರಿಸುವುದು ಎಲ್ಲ ಓದಿ ನನಗೆ ಎದೆ ಉರೀತದೆ. ಮಗಳಿಗೆ 16. ಮಾತಿಲ್ಲ. ಈಗಲೂ ಡೈಪರ್. ಅವಳಿಗೆ ರೈಲಿನ ನಂಬರ್ ಬರುದಿಲ್ಲ. ಕೈಯಲ್ಲಿ ಎಂತದಾದ್ರೂ ವಿದ್ಯೆ ಇದ್ದರೆ ಮಾತ್ರ ಮಗು ಒಳ್ಳೆಯದಾ? ಮೊದಲ ಮಳೆ ಬೀಳುವಾಗ ಅಂಗಳಕ್ಕೆ ಓಡಿ ಮುಖ ಎತ್ತಿ ನಿಲ್ತಾಳೆ, ಮೈಯೆಲ್ಲ ನಗು. ಅಂತಹ ಸಂತೋಷ ನನ್ನ ಉಳಿದ ಇಬ್ಬರು ಮಕ್ಕಳಲ್ಲಿ ನಾನು ಕಂಡಿಲ್ಲ. ಅದು ಯಾವ ಟೆಂಡರಿಗೂ ಹೋಗುವಂಥದ್ದಲ್ಲ.

ಶಿರಸಿ ತೋಟದವ:
ದುಡ್ಡಿನ ಸಲುವಾಗಿ ಹೇಳಿದ್ದಲ್ಲ ಅಕ್ಕ.

ಮಂಗಳೂರು:
ದರದ ಮಾತು ತೆಗೆದದ್ದು ನೀವೇ.

34ಕ್ಕೆ ಗೊತ್ತಾದವಳು:
ನಾನೇ ಆಟಿಸ್ಟಿಕ್. ಕರಡು ತಿದ್ದೋದು ನನ್ನ ಕೆಲಸ. 12ನೇ ಪುಟದ ಇಸವಿ 240ನೇ ಪುಟದಲ್ಲಿ ಬೇರೆಯಾಗಿದ್ದರೆ ಹುಡುಕಬೇಕಾಗಿಲ್ಲ, ಕಣ್ಣಿಗೆ ಚುಚ್ಚುತ್ತೆ. ಟ್ಯೂಬ್‌ಲೈಟ್ ಮಿಣುಕೋದೂ ಅದೇ ಕಣ್ಣಿಗೆ ಚುಚ್ಚುತ್ತೆ. ಅದಕ್ಕೇ ಎರಡು ಕೆಲಸ ಬಿಟ್ಟೆ. ಮೂರನೇ ಕಡೆ ಕಿಟಕಿ ಪಕ್ಕ ಮೇಜು ಕೊಟ್ಟು, ತಲೆ ಮೇಲಿನ ಲೈಟ್ ಆರಿಸಿದರು. ಏಳು ವರ್ಷದಿಂದ ಅಲ್ಲೇ ಇದ್ದೀನಿ. ಗುಣದ ಜೊತೆ ಆ ಕಿಟಕಿಯನ್ನೂ ಬರೆಯಿರಿ. ಜಯನಗರದವರೇ, ನಿಮ್ಮ 17 ಲಕ್ಷದಲ್ಲಿ 'ಕಣ್ಣಲ್ಲಿ ಕಣ್ಣಿಟ್ಟು ನೋಡು' ಅಂತ ಕಲಿಸೋಕೆ ಎಷ್ಟು ಹೋಯ್ತು? ಹಾಗೆ ನೋಡುವಾಗ ನನಗೆ ಮಾತು ಕೇಳಿಸೋದೇ ನಿಂತುಹೋಗುತ್ತೆ.

ಜಯನಗರದ ತಾಯಿ:
ನಿಮಗೆ ಕೂತು ಇಷ್ಟು ಬರೆಯೋಕೆ ಬರುತ್ತೆ. ರಾತ್ರಿ 2ಕ್ಕೆ ಗೋಡೆಗೆ ತಲೆ ಚಚ್ಚಿಕೊಳ್ಳೋ ಮಗುವನ್ನ ಹಿಡಿದಿದ್ದೀರಾ?

34ಕ್ಕೆ ಗೊತ್ತಾದವಳು:
ಆ ಮಗು ನಾನೇ. ಹಿಡಿದಿದ್ದು ನಮ್ಮಜ್ಜಿ.

ದಾವಣಗೆರೆ ಅಮ್ಮ:
ಕಿಟಕಿ ಮಾತು ಬರ್ಕೊಂಡೆ. ನಮ್ಮವನಿಗೆ ಶಾಲೆ ಬೆಲ್ ಸದ್ದು ಆಗಲ್ಲ. ಹೊಡೆಯೋಕೆ ಮುಂಚೆ ಹೊರಗೆ ಕಳಿಸಿ ಅಂತ ಕೇಳಬಹುದಾ?

ಜಯನಗರದ ತಾಯಿ:
ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಇದೆ. ಸರ್ಕಾರದ ಮಾನ್ಯತೆ ಇರೋ ಶಾಲೆ ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು. ಬರೆದಿದ್ದರ ಎರಡು ಪ್ರತಿ ಕೊಂಡುಹೋಗಿ, ಒಂದಕ್ಕೆ ಸೀಲ್ ಹಾಕಿಸ್ಕೊಂಡು ಬನ್ನಿ. ನಾನು ಬಾಯಲ್ಲಿ ಹೇಳಿ ಎರಡು ವರ್ಷ ಕಳೆದೆ.