ಒಂದು ಗಂಟೆಯ ಸಂದರ್ಶನದಲ್ಲಿ ಮೊದಲ ಹತ್ತು ನಿಮಿಷ ಬಿಟ್ಟು ತೋರಿಸಬಹುದಾ?

ವರದಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಿಎ ಕೊನೆಯ ವರ್ಷದವರಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠ ನನ್ನದು. ತರಗತಿಯಲ್ಲಿ 38 ಮಕ್ಕಳಿದ್ದಾರೆ. ಹೆಚ್ಚಿನವರು ರೈತರ ಮನೆಯವರು, ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು.

ಕಳೆದ ತಿಂಗಳು ಯುಕ್ರೇನ್ ಯುದ್ಧದ ಬಗ್ಗೆ ಟಿವಿಯಲ್ಲಿ ನಡೆದ ಒಂದು ಚರ್ಚೆಯನ್ನು ತರಗತಿಯಲ್ಲಿ ಹಾಕಿದೆ. ಆರು ಜನ ಕೂತು ಅರ್ಧ ಗಂಟೆ ಕೂಗಾಡಿದರು. ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಮೇಡಂ, ಇದರಲ್ಲಿ ಗೆದ್ದವರು ಯಾರು?" ಅಂತ ಕೇಳಿದ. ಅವನದು ತಪ್ಪಿಲ್ಲ. ನಾನು ತೋರಿಸಿದ್ದೇ ಕುಸ್ತಿ.

ಆವತ್ತಿನಿಂದ ಬೇರೆ ತರಹದ ಮಾತುಕತೆ ಹುಡುಕುತ್ತಿದ್ದೇನೆ. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹ್ಯಾರಿ ಕ್ರೈಸ್ಲರ್ ಅನ್ನುವವರು 1982ರಲ್ಲಿ ಶುರು ಮಾಡಿದ ಸಂದರ್ಶನಗಳು ಸಿಕ್ಕವು. ವಿದ್ವಾಂಸರು, ರಾಯಭಾರಿಗಳು, ಮಂತ್ರಿಗಳಾಗಿದ್ದವರು, ಪತ್ರಕರ್ತರು, ಹೀಗೆ ನೂರಾರು ಜನ ಬಂದಿದ್ದಾರೆ. ಎರಡು ಕುರ್ಚಿ, ಹೆಚ್ಚುಕಮ್ಮಿ ಒಂದು ಗಂಟೆ ಮಾತು. ಯಾರೂ ಯಾರ ಮಾತನ್ನೂ ಕತ್ತರಿಸುವುದಿಲ್ಲ. ನನಗೆ ತುಂಬಾ ಇಷ್ಟವಾಯಿತು.

ಆದರೆ ಒಂದು ತೊಡಕಿದೆ. ಕ್ರೈಸ್ಲರ್ ಸಾಮಾನ್ಯವಾಗಿ ಶುರು ಮಾಡುವುದೇ "ನೀವು ಹುಟ್ಟಿ ಬೆಳೆದದ್ದು ಎಲ್ಲಿ?" ಅಂತ. ಆಮೇಲೆ ತಂದೆ ತಾಯಿಯಿಂದ ನಿಮ್ಮ ಯೋಚನೆ ಹೇಗೆ ರೂಪುಗೊಂಡಿತು, ಯಾವ ಮೇಷ್ಟ್ರು, ಯಾವ ಪುಸ್ತಕ ಅಂತ ಕೇಳುತ್ತಾರೆ. ಪ್ರಪಂಚದ ವಿಷಯ ಬರುವಷ್ಟರಲ್ಲಿ ಹತ್ತು ನಿಮಿಷ ಆಗಿರುತ್ತದೆ. ನನ್ನ ಪೀರಿಯಡ್ 55 ನಿಮಿಷ. ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು. ಕರೆಂಟ್ ಹೋದರೆ ಅಲ್ಲಿಗೆ ಮುಗಿಯಿತು.

ಆ ಮೊದಲ ಹತ್ತು ನಿಮಿಷ ಬಿಟ್ಟು ನೇರ ವಿಷಯಕ್ಕೆ ಹೋಗಬಹುದಾ? ಯಾವ ಎರಡು ಮೂರು ಸಂದರ್ಶನ ಆರಿಸಿಕೊಳ್ಳಲಿ? ಪಾಠ ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ದಾವಣಗೆರೆ ಸ್ಪರ್ಧಾರ್ಥಿ

ಮೇಡಂ, ಬಿಟ್ಟುಬಿಡಿ. ನಾನು ಮೂರು ವರ್ಷದಿಂದ ಪರೀಕ್ಷೆಗೆ ಓದುತ್ತಿದ್ದೇನೆ. ಯಾರು ಎಲ್ಲಿ ಹುಟ್ಟಿದರು ಅಂತ ಯಾವ ಪ್ರಶ್ನೆಪತ್ರಿಕೆಯಲ್ಲೂ ಬಂದಿಲ್ಲ. ಅಮೆರಿಕದ ವಿದ್ವಾಂಸ ಜಾನ್ ಮಿಯರ್‌ಶೈಮರ್ ಅವರ ಸಂದರ್ಶನ ಹಾಕಿ. ದೊಡ್ಡ ದೇಶಗಳು ಯಾಕೆ ಒಂದನ್ನೊಂದು ನಂಬುವುದಿಲ್ಲ ಅನ್ನುವುದನ್ನು ಅವರಷ್ಟು ಸರಳವಾಗಿ ಹೇಳುವವರು ಕಡಿಮೆ. ಯುಕ್ರೇನ್ ಬಗ್ಗೆ ಕೇಳುವ ಮಕ್ಕಳಿಗೆ ಅದೇ ಬೇಕಾಗಿರುವುದು. ಹದಿನೈದನೇ ನಿಮಿಷದಿಂದ ಶುರು ಮಾಡಿ. ಸಮಯ ಉಳಿಯುತ್ತದೆ.

ನಿವೃತ್ತ ಮೇಷ್ಟ್ರು, ಮೈಸೂರು

ತಂಗಿ, ದಯವಿಟ್ಟು ಬಿಡಬೇಡಿ. ಬೇಕಾದರೆ ಕೊನೆಯ ಇಪ್ಪತ್ತು ನಿಮಿಷ ಬಿಡಿ. ಮೊದಲ ಹತ್ತು ನಿಮಿಷ ಬೇಕೇ ಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು 31 ವರ್ಷ ಇದೇ ವಿಷಯ ಪಾಠ ಮಾಡಿದವನು. ಅಮೆರಿಕದ ವಿದ್ವಾಂಸ ಕೆನೆತ್ ವಾಲ್ಟ್ಸ್ ಅವರ ಮೂರು ಮಟ್ಟಗಳನ್ನು ಪ್ರತಿ ವರ್ಷ ನೋಟ್ಸ್ ಬರೆಸುತ್ತಿದ್ದೆ. ಯುದ್ಧದ ಕಾರಣ ಮನುಷ್ಯನ ಸ್ವಭಾವದಲ್ಲಿದೆ ಅನ್ನುವುದು ಒಂದು. ದೇಶದ ಒಳಗಿನ ವ್ಯವಸ್ಥೆಯಲ್ಲಿದೆ ಅನ್ನುವುದು ಎರಡು. ದೇಶಗಳ ಮೇಲೆ ಯಾವ ಸರ್ಕಾರವೂ ಇಲ್ಲದಿರುವುದೇ ಕಾರಣ ಅನ್ನುವುದು ಮೂರು. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಇಳಿಸುತ್ತಿದ್ದರು, ಮರೆಯುತ್ತಿದ್ದರು. ಸತ್ಯ ಹೇಳಬೇಕೆಂದರೆ ಅದು ನನಗೂ ಬರೀ ಪಟ್ಟಿಯಾಗಿತ್ತು.

ನಿವೃತ್ತನಾದ ಮೇಲೆ 2003ರ ಅವರ ಸಂದರ್ಶನ ಕೇಳಿದೆ. ವಾಲ್ಟ್ಸ್ ಮೊದಲು ಓದುತ್ತಿದ್ದದ್ದು ಅರ್ಥಶಾಸ್ತ್ರ. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಾಜಕೀಯ ಚಿಂತನೆಗೆ ತಿರುಗಿಕೊಂಡರು. ಮೌಖಿಕ ಪರೀಕ್ಷೆಗೆ ಅಂತರರಾಷ್ಟ್ರೀಯ ಸಂಬಂಧಗಳನ್ನೂ ಓದಬೇಕಾಯಿತು. ಲೈಬ್ರರಿಯಿಂದ ಪುಸ್ತಕ ಹೊತ್ತು ತಂದು ಸಣ್ಣ ಮನೆಯಲ್ಲಿ ಕೂತು ಓದಿದರೆ ಒಬ್ಬ ಲೇಖಕ ಹೇಳುವುದಕ್ಕೂ ಇನ್ನೊಬ್ಬ ಹೇಳುವುದಕ್ಕೂ ತಾಳೆಯೇ ಇಲ್ಲ. ಯಾಕೆ ಹೀಗೆ ಅಂತ ಯೋಚಿಸಿದಾಗ, ಪ್ರತಿಯೊಬ್ಬರೂ ಯುದ್ಧದ ಕಾರಣವನ್ನು ಬೇರೆ ಬೇರೆ ಕಡೆ ಹುಡುಕುತ್ತಿದ್ದಾರೆ ಅಂತ ಹೊಳೆಯಿತು. ಮೂರು ಮಟ್ಟವನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರು. ಅದೇ ಬೆಳೆದು 1959ರಲ್ಲಿ ಪುಸ್ತಕವಾಯಿತು. ನಾನು ಮೂರು ದಶಕ ಬರೆಸಿದ ನೋಟ್ಸ್ ಹುಟ್ಟಿದ್ದು ಪರೀಕ್ಷೆಗೆ ಹೆದರಿದ ಒಬ್ಬ ವಿದ್ಯಾರ್ಥಿಯ ಹಾಳೆಯಲ್ಲಿ. ಇದನ್ನು ಮೊದಲ ದಿನವೇ ನನ್ನ ಮಕ್ಕಳಿಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಮಿಯರ್‌ಶೈಮರ್ ಅವರನ್ನು ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ಅವರು 17ನೇ ವಯಸ್ಸಿಗೆ ಸೇನೆಗೆ ಸೇರಿದವರು, 1970ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಮುಗಿಸಿ ಐದು ವರ್ಷ ವಾಯುಪಡೆಯಲ್ಲಿ ಅಧಿಕಾರಿಯಾಗಿದ್ದವರು ಅನ್ನುವುದನ್ನು ಮೊದಲು ಹೇಳಿ. ಆಮೇಲೆ ಮಕ್ಕಳನ್ನು ಕೇಳಿ: ಇಂಥವರು 2003ರ ಇರಾಕ್ ಯುದ್ಧಕ್ಕೆ ಹೌದು ಅಂದಿರುತ್ತಾರಾ, ಬೇಡ ಅಂದಿರುತ್ತಾರಾ? ಬಹಳ ಜನ ಹೌದು ಅನ್ನುತ್ತಾರೆ. ನಿಜಕ್ಕೂ ಆದದ್ದು ಬೇರೆ. 2002ರ ಸೆಪ್ಟೆಂಬರಿನಲ್ಲಿ ಅಮೆರಿಕದ 33 ವಿದ್ವಾಂಸರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಈ ಯುದ್ಧ ನಮ್ಮ ದೇಶಕ್ಕೆ ಒಳ್ಳೆಯದಲ್ಲ ಅಂದರು. ಅದರಲ್ಲಿ ಮಿಯರ್‌ಶೈಮರ್ ಇದ್ದರು, ವಾಲ್ಟ್ಸ್ ಕೂಡ ಇದ್ದರು. ಬೆಳೆದ ದಾರಿ ನೋಡಿ ಒಬ್ಬರ ಅಭಿಪ್ರಾಯವನ್ನು ಸುಮ್ನೆ ಊಹಿಸಿಬಿಡೋಕೆ ಆಗಲ್ಲ. ಆ ದಾರಿಯಿಂದ ಆ ಅಭಿಪ್ರಾಯಕ್ಕೆ ಹೇಗೆ ಬಂದರು ಅಂತ ಕೇಳಬೇಕು. ಅದಕ್ಕೇ ಪೂರ್ತಿ ಕೇಳಿಸಿ ಅನ್ನುವುದು.

ನನ್ನನ್ನು ಕೇಳಿದರೆ ಇಬ್ಬರನ್ನು ಜೋಡಿಯಾಗಿ ತೋರಿಸಿ. ರಾಬರ್ಟ್ ಮ್ಯಾಕ್‌ನಮಾರ ಮತ್ತು ಡೇನಿಯಲ್ ಎಲ್ಸ್‌ಬರ್ಗ್. ಇಬ್ಬರೂ ಕ್ರೈಸ್ಲರ್ ಎದುರು ಕೂತಿದ್ದಾರೆ. ಇಬ್ಬರೂ ಅರ್ಥಶಾಸ್ತ್ರ ಓದಿದವರು, ಲೆಕ್ಕವನ್ನು ನಂಬಿದವರು. ಮ್ಯಾಕ್‌ನಮಾರ ಬರ್ಕ್ಲಿಯಲ್ಲೇ 1937ರಲ್ಲಿ ಪದವಿ ಪಡೆದವರು. ಫೋರ್ಡ್ ಕಂಪನಿಯ ಅಧ್ಯಕ್ಷರಾದ ಕೆಲವೇ ವಾರಗಳಲ್ಲಿ ಅವರನ್ನು ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಕೆನಡಿ ರಕ್ಷಣಾ ಮಂತ್ರಿ ಆಗಿ ಅಂತ ಕರೆದರು. 1961ರಿಂದ 1968ರವರೆಗೆ, ಅಂದರೆ ವಿಯೆಟ್ನಾಂ ಯುದ್ಧ ಬೆಳೆದ ಕಾಲದಲ್ಲಿ, ಅವರೇ ಮಂತ್ರಿ. ಎಲ್ಸ್‌ಬರ್ಗ್ ಅದೇ ರಕ್ಷಣಾ ಇಲಾಖೆಗೆ ಕೆಲಸಕ್ಕೆ ಬಂದದ್ದು 1964ರ ಆಗಸ್ಟ್ 4ರಂದು. ವಿಯೆಟ್ನಾಂ ಪಕ್ಕದ ಟಾಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಹಡಗುಗಳ ಮೇಲೆ ದಾಳಿ ಆಗುತ್ತಿದೆ ಅನ್ನುವ ತಂತಿಗಳು ಬಂದದ್ದು ಅವತ್ತೇ. ಆ ದಿನದ ದಾಳಿ ನಡೆದೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಬಾಂಬು ಬಿದ್ದಾಗಿತ್ತು.

ಈ ಯುದ್ಧಕ್ಕೆ ನಾವು ಇಳಿದದ್ದು ಹೇಗೆ ಅಂತ ಒಂದು ಗುಟ್ಟಿನ ಅಧ್ಯಯನ ಮಾಡಿಸಿದ್ದು ಇದೇ ಮ್ಯಾಕ್‌ನಮಾರ, 1967ರಲ್ಲಿ. ಅದನ್ನು ಬರೆದವರಲ್ಲಿ ಎಲ್ಸ್‌ಬರ್ಗ್ ಒಬ್ಬರು. ಸುಮಾರು 7,000 ಪುಟ. ಎಲ್ಸ್‌ಬರ್ಗ್ ಅದನ್ನು ರಾತ್ರಿ ಹೊತ್ತು ಕಾಪಿ ಮಾಡಿ ಹೊರಗೆ ತಂದರು. 1971ರ ಜೂನ್‌ನಲ್ಲಿ ಪತ್ರಿಕೆಯಲ್ಲಿ ಬಂತು. ಜೀವನಪೂರ್ತಿ ಜೈಲು ಆಗಬಹುದು ಅಂತ ಗೊತ್ತಿದ್ದೇ ಮಾಡಿದರು. ಮ್ಯಾಕ್‌ನಮಾರ ಮಾತ್ರ 1995ರವರೆಗೆ ಕಾದರು. ನಾವು ಮಾಡಿದ್ದು ತಪ್ಪು, ಘೋರ ತಪ್ಪು ಅಂತ ಆಗ ಬರೆದರು. ಯುದ್ಧ ಮುಗಿದು ಇಪ್ಪತ್ತು ವರ್ಷ ಆಗಿತ್ತು. ಒಂದೇ ಕಾಗದ ನೋಡಿದ ಇಬ್ಬರಲ್ಲಿ ಒಬ್ಬರು ಆಗಲೇ ಮಾತಾಡಿದರು, ಇನ್ನೊಬ್ಬರು ಮುದುಕರಾದ ಮೇಲೆ ಮಾತಾಡಿದರು. ಯಾಕೆ? ಇದಕ್ಕೆ ಉತ್ತರ ಸಿದ್ಧಾಂತದ ಪುಸ್ತಕದಲ್ಲಿ ಸಿಗುವುದಿಲ್ಲ. ಅವರವರು ತಮ್ಮ ಬದುಕಿನ ಬಗ್ಗೆ ಹೇಳುವ ಮಾತಿನಲ್ಲೇ ಹುಡುಕಬೇಕು.

ಒಂದು ಎಚ್ಚರಿಕೆ ಕೂಡ ಹೇಳಿಕೊಡಿ. ಅಧಿಕಾರದಲ್ಲಿದ್ದವರು ತಮ್ಮ ಕತೆ ಹೇಳುವಾಗ ತಮ್ಮ ಪರ ವಕಾಲತ್ತೂ ಮಾಡುತ್ತಾರೆ. ಮ್ಯಾಕ್‌ನಮಾರ ಏನನ್ನು ಹೇಳಲಿಲ್ಲ ಅನ್ನುವುದನ್ನೂ ಮಕ್ಕಳು ಗಮನಿಸಲಿ.

ಇನ್ನೊಂದು ನಮ್ಮೂರಿನ ವಿಷಯ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಮೈಸೂರಿನವರು. 1948ರಲ್ಲಿ ಇಲ್ಲೇ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಟಿಪ್ಪಣಿ ಮಾಡಿಕೊಂಡರು. ಬರವಣಿಗೆಯಲ್ಲಿ ಆ ಹಳ್ಳಿಗೆ ರಾಮಪುರ ಅಂತ ಹೆಸರಿಟ್ಟರು. 1970ರ ಏಪ್ರಿಲ್‌ನಲ್ಲಿ ಅವರು ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಅವರು ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ವಿಯೆಟ್ನಾಂ ಯುದ್ಧದ ಸಿಟ್ಟಿಗೆ ಅಮೆರಿಕದ ಕ್ಯಾಂಪಸ್‌ಗಳು ಕುದಿಯುತ್ತಿದ್ದ ಕಾಲ ಅದು. ವರ್ಷಗಟ್ಟಲೆ ವಿಂಗಡಿಸಿ ಬರೆದಿಟ್ಟಿದ್ದ ಟಿಪ್ಪಣಿಯ ಮೂರೂ ಪ್ರತಿಗಳು ಸುಟ್ಟವು. ಆಮೇಲೆ ಅವರು ಹಳ್ಳಿಯನ್ನು ನೆನಪಿನಿಂದಲೇ ಬರೆದರು. ಪುಸ್ತಕ 1976ರಲ್ಲಿ ಬಂತು. ಪ್ರಪಂಚದ ವಿದ್ಯಮಾನ ಅಂದರೆ ಎಲ್ಲೋ ದೂರದ್ದು ಅಂತ ನಿಮ್ಮ ಮಕ್ಕಳು ಅಂದರೆ ಇದನ್ನು ಹೇಳಿ.

ಮಡಿಕೇರಿ ಮಳೆ

ಮೇಷ್ಟ್ರ ಮಾತು ಓದಿ ಸುಮ್ಮನಿರಲು ಆಗಲಿಲ್ಲ. ಮೇಡಂ, ಕೊರಿಯಾ ಯುದ್ಧ ನಿಮ್ಮ ಪಾಠದಲ್ಲಿ ಇದ್ದೇ ಇರುತ್ತದೆ ಅಲ್ವಾ? 1950ರ ಜೂನ್‌ನಲ್ಲಿ ಆ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಕುರ್ಚಿಯಲ್ಲಿ ಕೂತಿದ್ದವರು ಬೆನೆಗಲ್ ನರಸಿಂಗ ರಾಯರು. ಮಂಗಳೂರಿನಲ್ಲಿ ಹುಟ್ಟಿದವರು. ನಮ್ಮ ಸಂವಿಧಾನದ ಮೊದಲ ಕರಡು ಸಿದ್ಧ ಮಾಡಿದ ಸಲಹೆಗಾರರು ಕೂಡ ಅವರೇ.

ಮೂರು ವರ್ಷದ ನಂತರ ಯುದ್ಧ ನಿಂತಿತು. ಊರಿಗೆ ವಾಪಸ್ ಹೋಗಲು ಒಪ್ಪದ ಸೆರೆಯಾಳುಗಳನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಬಂತು. 22,000ಕ್ಕೂ ಹೆಚ್ಚು ಜನ. ಅದಕ್ಕಾಗಿ ಮಾಡಿದ ತಟಸ್ಥ ದೇಶಗಳ ಆಯೋಗದ ಮುಖ್ಯಸ್ಥರು ಜನರಲ್ ತಿಮ್ಮಯ್ಯ. ನಮ್ಮ ಮಡಿಕೇರಿಯವರು. ಆಮೇಲೆ ಅವರು ಭೂಸೇನೆಯ ಮುಖ್ಯಸ್ಥರಾದರು, ನಿವೃತ್ತರಾದರು. 1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್ಸಿಗೆ ಕರೆಯಿತು. ಅಲ್ಲಿ ಶಾಂತಿಪಾಲನಾ ಪಡೆಯ ನಾಯಕರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಸೈಪ್ರಸ್ ದೇಶ ಅವರ ಚಿತ್ರದ ಅಂಚೆಚೀಟಿ ತಂದಿತು.

ರಾಯರು ತೀರಿಕೊಂಡದ್ದು 1953ರಲ್ಲಿ. ಇಬ್ಬರೂ ಕ್ರೈಸ್ಲರ್ ಥರದವರ ಎದುರು ಕೂತು, ನಾನು ಹುಟ್ಟಿದ್ದು ಇಂಥ ಕಡೆ ಅಂತ ಒಂದು ಗಂಟೆ ಮಾತಾಡುವ ಕಾಲ ಬರುವ ಮೊದಲೇ ಹೋದವರು. ತಿಮ್ಮಯ್ಯನವರು ಹುಟ್ಟಿದ ಮನೆ ಇಲ್ಲಿ ಈಗ ವಸ್ತುಸಂಗ್ರಹಾಲಯ ಆಗಿದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಬನ್ನಿ.

ಇಂಗ್ಲಿಷಿನ ತೊಂದರೆಗೆ ಒಂದು ದಾರಿ ಇದೆ. ಹಳೆಯ ಹಲವು ಸಂದರ್ಶನಗಳನ್ನು ಬರ್ಕ್ಲಿಯವರು ಬರಹ ರೂಪದಲ್ಲೂ ಹಾಕಿದ್ದರು. ಅದನ್ನು ಹುಡುಕಿ ಹಿಂದಿನ ದಿನ ಎರಡು ಪುಟ ಕನ್ನಡಕ್ಕೆ ಮಾಡಿಕೊಂಡರೆ ತರಗತಿಯಲ್ಲಿ ಪದೇಪದೇ ನಿಲ್ಲಿಸಬೇಕಾಗುವುದಿಲ್ಲ.

ವರದಾತೀರ

ಮೇಷ್ಟ್ರೇ, ಮಡಿಕೇರಿಯವರೇ, ಎರಡು ವಾರ ಆಯಿತು. ಏನಾಯಿತು ಅಂತ ಹೇಳದೆ ಇದ್ದರೆ ತಪ್ಪಾಗುತ್ತದೆ.

ವಾಲ್ಟ್ಸ್ ಸಂದರ್ಶನದ ಶುರುವಿನ ಭಾಗವನ್ನು ಪೂರ್ತಿ ಹಾಕಿದೆ. ಆ ಪರೀಕ್ಷೆಯ ಕತೆಯನ್ನು ಹಿಂದಿನ ರಾತ್ರಿಯೇ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಆಮೇಲೆ ಬೋರ್ಡ್ ಮೇಲೆ ಆ ಮೂರು ಮಟ್ಟಕ್ಕೆ ಮೂರು ಗೆರೆ ಎಳೆದು, ನಿಮ್ಮ ಊರಿನ ಯಾವುದಾದರೂ ಜಗಳ ಹೇಳಿ ಅಂದೆ. ಗೆದ್ದವರು ಯಾರು ಅಂತ ಕೇಳಿದ್ದ ಅದೇ ಹುಡುಗ ಎದ್ದ. ತುಂಗಾ ಮೇಲ್ದಂಡೆ ಕಾಲುವೆಯ ಕೊನೆಯಲ್ಲಿ ಅವರ ಹೊಲ. ಬೇಸಿಗೆಯಲ್ಲಿ ಅಲ್ಲಿಗೆ ನೀರು ತಲುಪುವುದಿಲ್ಲವಂತೆ. ಮೇಲಿನವರು ದುರಾಸೆಯವರು ಅಂತ ಅವನ ಅಪ್ಪ ಹೇಳುತ್ತಾರೆ. ನೀರು ಹಂಚುವ ಸಂಘ ಸರಿ ಇಲ್ಲ ಅಂತ ಚಿಕ್ಕಪ್ಪ ಹೇಳುತ್ತಾರೆ. ಎರಡನ್ನೂ ಅವನೇ ಬಂದು ಬೋರ್ಡ್ ಮೇಲೆ ಸರಿಯಾದ ಗೆರೆಯ ಹತ್ತಿರ ಬರೆದ. ಮೂರನೇ ಗೆರೆಯ ಹತ್ತಿರ ನಿಂತುಬಿಟ್ಟ. "ಮೇಡಂ, ನಮಗೆ ಮೇಲೆ ಎಂಜಿನಿಯರ್ ಇದ್ದಾರೆ, ತಹಶೀಲ್ದಾರ್ ಇದ್ದಾರೆ. ಅರ್ಜಿ ಕೊಡಬಹುದು. ಯುಕ್ರೇನ್‌ನವರು ಅರ್ಜಿ ಯಾರಿಗೆ ಕೊಡಬೇಕು?" ಅಂದ.

ಇಷ್ಟು ವರ್ಷದಲ್ಲಿ ಮೂರನೇ ಮಟ್ಟವನ್ನು ನಾನು ಇಷ್ಟು ಚೆನ್ನಾಗಿ ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ಭದ್ರತಾ ಮಂಡಳಿ ಇದೆಯಲ್ಲ ಅಂತ ಒಬ್ಬಳು ಅಂದಳು. ಅಲ್ಲಿ ಯಾವ ನಿರ್ಣಯವನ್ನೂ ತಡೆಯುವ ವೀಟೊ ರಷ್ಯಾಕ್ಕೇ ಇದೆ ಅಂತ ಇನ್ನೊಬ್ಬಳು ಹೇಳಿದಳು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಈ ವಾರ ಮ್ಯಾಕ್‌ನಮಾರ ಮತ್ತು ಎಲ್ಸ್‌ಬರ್ಗ್ ಆಯಿತು. ಎರಡೂ ಸಂದರ್ಶನಗಳಿಂದ ಸ್ವಲ್ಪ ಸ್ವಲ್ಪ ಭಾಗ ಮಾತ್ರ. ಮಕ್ಕಳು ಎರಡು ಗುಂಪಾದರು. ಅಚ್ಚರಿ ಅಂದರೆ ಮ್ಯಾಕ್‌ನಮಾರ ಪರವಾಗಿ ಮಾತಾಡಿದವರೇ ಜಾಸ್ತಿ. ಮಂತ್ರಿಯಾಗಿ ಇದ್ದವರು ತಪ್ಪಾಯಿತು ಅಂದದ್ದನ್ನು ಅವರು ಹಿಂದೆ ಎಲ್ಲೂ ಕೇಳಿರಲಿಲ್ಲವಂತೆ. ನಾನು ಎಲ್ಸ್‌ಬರ್ಗ್ ಪರ. ಹೇಳಿದೆ, ಒಪ್ಪಲಿಲ್ಲ.

ಮಡಿಕೇರಿಗೆ ಹೋಗಿಬರುವಷ್ಟು ದುಡ್ಡು ಸದ್ಯಕ್ಕೆ ಹೊಂದುವುದಿಲ್ಲ. ಆದರೆ ತಿಮ್ಮಯ್ಯನವರ ವಿಷಯ ಹೇಳಿದ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಅವಳ ಅಜ್ಜ ಸೇನೆಯಲ್ಲಿದ್ದವರು. 1988ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋಗಿದ್ದರಂತೆ. ತರಗತಿಗೆ ಬರುತ್ತಾರಾ ಅಂತ ಕೇಳಿಸಿದೆ. ಒಪ್ಪಿದ್ದಾರೆ. ಅಲ್ಲಿ ನಡೆದ ಕಾಳಗದ ವಿಷಯ ಕೇಳಬೇಡಿ, ನಮ್ಮೂರು, ನಮ್ಮ ಶಾಲೆ, ಯಾಕೆ ಸೇನೆಗೆ ಸೇರಿದೆ, ಅಷ್ಟು ಹೇಳುತ್ತೇನೆ ಅಂದಿದ್ದಾರೆ. ಅಷ್ಟು ಸಾಕು ಅಂತ ಹೇಳಿ ಕಳಿಸಿದೆ. ಬರುವ ಗುರುವಾರ ಹನ್ನೊಂದು ಗಂಟೆಗೆ ಬರುತ್ತಾರೆ. ಫೋನಿನಲ್ಲಿ ದನಿ ಸರಿಯಾಗಿ ದಾಖಲಾಗಲು ಏನು ಮಾಡಬೇಕು ಅಂತ ಗೊತ್ತಿದ್ದವರು ಅಷ್ಟರೊಳಗೆ ತಿಳಿಸಿ.